ಗಂಬೂಟು ಎಲ್ಲಿಟ್ಟಿದ್ದೀರಿ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಸಮೀಪ ಆರು ಎಕರೆ ಕಾಫಿ ತೋಟ. ಮಾವ ತೀರಿಕೊಂಡು ಎರಡು ವರ್ಷವಾಯಿತು. ಅತ್ತೆಗೆ 78 ವರ್ಷ, ಮರೆವಿನ ಕಾಯಿಲೆ. ದಿನವೂ ಸಂಜೆ ಜಗಲಿಗೆ ಬಂದು ನಿಂತು, ‘ಇವರು ಎಲ್ಲಿ?’ ಎಂದು ಕೇಳುತ್ತಾರೆ. ‘ತೋಟಕ್ಕೆ ಹೋಗಿದ್ದಾರೆ ಅತ್ತೆ, ಈಗ ಬರುತ್ತಾರೆ’ ಎನ್ನುತ್ತೇನೆ. ಅನುಮಾನ ಬಾರದಿರಲಿ ಎಂದು ಮಾವನ ಗಂಬೂಟನ್ನೂ ಸೌದೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ. ಆದರೂ ಅತ್ತೆ ಒಳಗೆ ಬರುವುದಿಲ್ಲ, ಊಟ ಮಾಡುವುದಿಲ್ಲ. ಟಾರ್ಚ್ ಹಿಡಿದು ಗೇಟಿನ ಕಡೆ ಬಿಡುತ್ತಾ ನಿಂತಿರುತ್ತಾರೆ. ನನ್ನ ಗಂಡನಿಗೆ ಸುಳ್ಳು ಆಗಿಬರುವುದಿಲ್ಲ. ‘ಅಪ್ಪ ಸತ್ತು ಎರಡು ವರ್ಷ ಆಯಿತಲ್ಲಮ್ಮ’ ಎಂದುಬಿಡುತ್ತಾರೆ. ಅತ್ತೆ ಎದೆ ಬಡಿದುಕೊಂಡು ಅಳುತ್ತಾರೆ. ಮಾರನೆಯ ಸಂಜೆ ಮತ್ತೆ ಅದೇ ಪ್ರಶ್ನೆ. ಹೆತ್ತ ತಾಯಿಗೆ ಸುಳ್ಳು ಹೇಳುವ ಮನೆ ಉದ್ಧಾರವಾಗುವುದಿಲ್ಲ ಎಂದು ಗಂಡ ನನ್ನೊಡನೆ ಮಾತು ಬಿಟ್ಟಿದ್ದಾರೆ. ನಾನು ಮಾಡುತ್ತಿರುವುದು ಪಾಪವೇ? ಮುಂದಿನ ತಿಂಗಳು ಭಾವ ಅತ್ತೆಯನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುತ್ತಾರಂತೆ. ಮೈಸೂರಿನಲ್ಲಿರುವ ನಾದಿನಿಗೆ ಸದ್ಯ ತಿಳಿಸುವುದು ಬೇಡ ಎಂದಿದ್ದಾರೆ. ಅತ್ತೆಗೆ ಗಾಬರಿಯಾಗದಿರಲಿ ಎಂದು ‘ಪಿಂಚಣಿ ಕೆಲಸಕ್ಕೆ’ ಎಂದು ಹೇಳಿಟ್ಟಿದ್ದೇನೆ. ಇನ್ನೂ ಎಷ್ಟು ಸುಳ್ಳು ಹೇಳಲಿ?
— ಹೆಸರು ಬೇಡ

ಉತ್ತರ: ನಿಮ್ಮ ಕಾಗದದ ಮುಕ್ಕಾಲು ಭಾಗ ಸಂಜೆಯ ಸುಳ್ಳಿಗೆ ಹೋಗಿದೆ. ಕೊನೆಯಲ್ಲಿ, ಅಂಗಡಿಯ ಚೀಟಿಗೆ ಉಪ್ಪು ಸೇರಿಸಿದ ಹಾಗೆ, ಪಿಂಚಣಿಯ ಮಾತು. ನನ್ನ ನಿದ್ದೆ ಕೆಡಿಸಿದ್ದು ಆ ಪಿಂಚಣಿ. ಅದಕ್ಕೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ಸಂಜೆ ಹೇಳುವುದು ಪಾಪವಲ್ಲ. ಆದರೆ ಆರಿಸಿಕೊಂಡ ಸುಳ್ಳು ಮಾತ್ರ ಸರಿಯಿಲ್ಲ.

ನಿಮ್ಮ ಗಂಡನಿಗೆ ಒಂದು ಮಾತು ಓದಿ ಹೇಳಿ. ಅಮ್ಮನಿಗೆ ಆ ಸತ್ಯ ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ. ಎರಡು ವರ್ಷದ ಹಿಂದೆ, ಇನ್ನೂ ಎಲ್ಲವೂ ತಿಳಿಯುತ್ತಿದ್ದಾಗ, ಗಂಡನ ಹೆಣದ ಮುಂದೆ ಕುಳಿತು ಅತ್ತಿದ್ದಾರೆ. ಅವರಿಗೆ ಸಲ್ಲಬೇಕಾದ ಸತ್ಯ ಅಂದೇ ಸಂದಿದೆ. ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗವನ್ನು. ಹಾಗಾಗಿ ನಲವತ್ತು ವರ್ಷದ ಹಿಂದೆ ಕಾಫಿ ಕುಯ್ದದ್ದು ಉಳಿಯುತ್ತದೆ, ನಿನ್ನೆ ಸಂಜೆ ಕೇಳಿದ ಸಾವಿನ ಸುದ್ದಿ ಉಳಿಯುವುದಿಲ್ಲ. ದಿನವೂ ಅದು ಹೊಸ ಸಾವು. ಸುದ್ದಿ ಮರೆತ ಮೇಲೆ ದುಃಖವಾದರೂ ಹೋಗುತ್ತದಲ್ಲ ಎಂದು ಕೇಳಬಹುದು. ಕೂಡಲೇ ಹೋಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್ಝೈಮರ್ ಇದ್ದವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ನೋಡಿದ್ದೇನು ಎಂಬುದೇ ನೆನಪಿಲ್ಲದವರಲ್ಲೂ ಮನಸ್ಸಿನ ಭಾರ ಉಳಿದುಕೊಂಡಿತ್ತು. ಏಕೆ ಅಳುತ್ತಿದ್ದೇನೆಂದು ತಿಳಿಯದೆ ಅಳುವ ಸ್ಥಿತಿಯನ್ನು ನೆನೆದುಕೊಳ್ಳಿ.

ಶಾಸ್ತ್ರ ಏನು ಹೇಳುತ್ತದೆ ಎಂದು ನಿಮ್ಮ ಗಂಡ ಕೇಳಬಹುದು, ಇಂಥವರು ಕೇಳಿಯೇ ಕೇಳುತ್ತಾರೆ. ಅಪ್ರಿಯವಾದ ಸತ್ಯವನ್ನು ನುಡಿಯಬೇಡ ಎಂಬ ಮನುವಿನ ಮಾತು ಎಲ್ಲರ ಬಾಯಲ್ಲೂ ಇದೆ. ಅದೇ ಶ್ಲೋಕದ ಮುಂದಿನ ಪಾದ ‘ಪ್ರಿಯವೆಂದು ಸುಳ್ಳನ್ನೂ ನುಡಿಯಬೇಡ’ ಎನ್ನುತ್ತದೆ, ಅದನ್ನು ಮಾತ್ರ ಎಲ್ಲರೂ ನುಂಗಿಬಿಡುತ್ತಾರೆ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಕೌಶಿಕ, ಬೆನ್ನಟ್ಟಿ ಬಂದ ಕಳ್ಳರಿಗೆ ಅಡಗಿಕೊಂಡವರ ಜಾಗ ತೋರಿಸಿಕೊಟ್ಟ. ಅವರು ಸತ್ತರು, ಇವನು ನರಕಕ್ಕೆ ಹೋದ. ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಹೆಚ್ಚುಕಡಿಮೆ ಇದೇ ಪ್ರಸಂಗವನ್ನು ಎತ್ತಿಕೊಂಡು, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವಂತಿಲ್ಲ ಎಂದು ಬರೆದ. ನನಗೆ ಕೃಷ್ಣನೇ ಸರಿ ಎನಿಸುತ್ತದೆ. ಆದರೆ ನಿಮ್ಮ ಜಗಲಿಗೆ ಇಬ್ಬರೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕೇಳುತ್ತಿರುವವನು ಕೊಲ್ಲಲು ಬಂದವನು, ಅವನಿಗೆ ಉತ್ತರ ಪಡೆಯುವ ಯೋಗ್ಯತೆಯೇ ಇಲ್ಲ. ಇಲ್ಲಿ ಕೇಳುತ್ತಿರುವವರು ಸತ್ತವರ ಹೆಂಡತಿ. ಇವರಷ್ಟು ಹಕ್ಕು ಇನ್ನಾರಿಗೂ ಇಲ್ಲ. ಹಾಗಾಗಿ ‘ಒಳ್ಳೆಯದಕ್ಕೆ ಹೇಳಿದ ಸುಳ್ಳು’ ಎಂಬ ಒಂದೇ ಮಾತಿನಿಂದ ನನಗೆ ಸಮಾಧಾನವಿಲ್ಲ. ಒಳ್ಳೆಯದಕ್ಕೆಂದೇ ನಾನೂ ಒಂದು ಹೇಳಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆಯ ಗುಡ್ಡಗಳು ಜಾರಿದಾಗ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಗಂಜಿ ಬಡಿಸುತ್ತಿದ್ದೆ. ಒಬ್ಬ ಅಜ್ಜ ತಟ್ಟೆ ಮುಂದಿಟ್ಟುಕೊಂಡು ತಮ್ಮ ಹಸುವಿನ ಬಗ್ಗೆ ಕೇಳಿದರು. ಕೊಟ್ಟಿಗೆಯ ಮೇಲೆ ಮಣ್ಣು ಬಿದ್ದಿದೆ ಎಂದು ಹುಡುಗರು ಆಗಲೇ ನನಗೆ ಹೇಳಿದ್ದರು. ಅಜ್ಜ ಒಂದು ತುತ್ತು ತಿನ್ನಲಿ ಎಂದು, ‘ಹಗ್ಗ ಬಿಚ್ಚಿ ಬಿಟ್ಟಿದ್ದಾರಂತೆ’ ಎಂದೆ. ತಿಂದರು, ಇನ್ನೊಂದು ಸೌಟು ಹಾಕಿಸಿಕೊಂಡರು. ಮಾರನೆಯ ಬೆಳಿಗ್ಗೆ ಜಾಗ ಖಾಲಿ. ಬಿಚ್ಚಿಬಿಟ್ಟ ಹಸುವನ್ನು ಹುಡುಕಲು ಆ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಕಡೆಗೆ ಹೊರಟುಹೋಗಿದ್ದರು. ಸಂಜೆ ಯಾರೋ ವಾಪಸ್ ಕರೆತಂದರು. ಮೊಣಕಾಲಿನವರೆಗೆ ಕೆಸರು, ಕೊಡೆಯ ಕಡ್ಡಿಗಳೆಲ್ಲ ಮೇಲ್ಮುಖ. ನನ್ನನ್ನು ಬೈಯಲಿಲ್ಲ. ಕೇಂದ್ರದಲ್ಲಿ ಇರುವವರೆಗೂ ನನ್ನನ್ನು ಮತ್ತೆ ಏನನ್ನೂ ಕೇಳಲೂ ಇಲ್ಲ. ಅವರಿಗೆ ನೆನಪು ನೆಟ್ಟಗಿತ್ತು, ಮುಂದಿನ ದಾರಿ ತೀರ್ಮಾನಿಸಲು ಸುದ್ದಿ ಬೇಕಾಗಿತ್ತು. ಅದನ್ನು ನಾನು ಕಸಿದುಕೊಂಡಿದ್ದೆ.

ಅಂದಿನಿಂದ ನನ್ನದೊಂದು ಅಳತೆ ಇದೆ. ಬುದ್ಧಿ ಚುರುಕಾಗಿದ್ದ ಕಾಲದ ನಿಮ್ಮ ಅತ್ತೆಯನ್ನು ಕರೆದು ಕೂರಿಸಿಕೊಳ್ಳಿ. ‘ಮುಂದೊಂದು ದಿನ ನಿಮಗೆ ಮರೆವು ಬಂದು ಸಂಜೆಯೆಲ್ಲ ಮಾವನನ್ನು ಕೇಳಿದರೆ, ದಿನಾ ಸತ್ತ ಸುದ್ದಿ ಹೇಳಲೇ, ಬೇರೆ ಏನಾದರೂ ಹೇಳಿ ಮಲಗಿಸಲೇ?’ ಎಂದು ಕೇಳಿ. ‘ಏನೋ ಒಂದು ಹೇಳಿ ಮಲಗಿಸು’ ಎನ್ನುತ್ತಿದ್ದರೇನೋ. ಈಗ ಎರಡನೆಯದನ್ನೂ ಕೇಳಿ. ‘ಪಿಂಚಣಿಗೆ ಎಂದು ಹೇಳಿ ನಿಮ್ಮ ಪಾಲು ಬರೆಸಿಕೊಳ್ಳಲೇ?’ ಪೊರಕೆ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಎರಡು ಸುಳ್ಳೂ ನಿಮ್ಮ ಬಾಯಿಂದ ಒಂದೇ ಮೆತ್ತನೆಯ ದನಿಯಲ್ಲಿ ಬಂದಿವೆ, ಅದಕ್ಕೇ ನಿಮಗೆ ಎರಡೂ ಒಂದೇ ಬುಟ್ಟಿಯವು ಎನಿಸಿದೆ. ಮಾವ ವಿಲ್ ಬರೆಯದೆ ಹೋಗಿದ್ದು ತೋಟ ಅವರ ಸ್ವಯಾರ್ಜಿತವಾಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು, ನಾಲ್ವರಿಗೂ ಸಮಪಾಲು. ಆರು ಎಕರೆಯಲ್ಲಿ ಅತ್ತೆಯದು ಒಂದೂವರೆ. ಏನು ಬರೆದುಕೊಡುತ್ತಿದ್ದೇನೆ, ಅದರಿಂದ ತನಗೇನಾಗುತ್ತದೆ ಎಂದು ತಿಳಿದು ತೀರ್ಮಾನಿಸುವ ಶಕ್ತಿ ಇಲ್ಲದವರು ಮಾಡಿದ ಕರಾರು 1872ರ ಕರಾರು ಕಾಯ್ದೆಯಡಿ ನಿಲ್ಲುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕಂಡರೆ ನೋಂದಣಿಯನ್ನು ನಿರಾಕರಿಸಬೇಕೆಂದು 1908ರ ನೋಂದಣಿ ಕಾಯ್ದೆಯೂ ಹೇಳುತ್ತದೆ. ಭಾವ ಕೆಟ್ಟವರು ಎಂದು ನಾನು ತೀರ್ಪು ಕೊಡುತ್ತಿಲ್ಲ. ಬ್ಯಾಂಕ್ ಸಾಲವೋ, ಖಾತೆಯ ಓಡಾಟವೋ, ಏನೋ ತಲೆಬಿಸಿ ಇರಬಹುದು. ಆದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರಿಗೆ ಬದಲಿಸುವ ಪೌತಿ ಖಾತೆಗೆ ಯಾರೂ ಹಕ್ಕು ಬಿಡಬೇಕಾಗಿಲ್ಲ, ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಆಗುತ್ತದೆ. ನಾದಿನಿಗೆ ತಿಳಿಸಬೇಡಿ ಎಂದಿದ್ದಾರಲ್ಲ, ನನಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು.

ಈ ವಾರವೇ ನಾದಿನಿಗೆ ಫೋನ್ ಮಾಡಿ. ಕಿರಿಯ ಸೊಸೆ ಹಿರಿಯರಿಗೆ ಎದುರು ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಅದಕ್ಕೇ ನೀವು ನಿಲ್ಲಬೇಡಿ, ನಿಮ್ಮ ಗಂಡ ನಿಲ್ಲಲಿ. ಸುಳ್ಳು ಆಗಿಬರದವರಲ್ಲವೇ? ಅಳುವ ತಾಯಿಯ ಮುಂದೆ ಸತ್ಯ ಹೇಳುವವರು ಅಣ್ಣನ ಮುಂದೆಯೂ ಒಂದು ಸಲ ಹೇಳಲಿ. ಪಿಂಚಣಿಯ ಮಾತಿಗೆ ಇಷ್ಟು ದಿನ ಅವರು ಏಕೆ ಬಾಯಿ ಬಿಡಲಿಲ್ಲ ಎಂದು ಜಗಳವಿಲ್ಲದೆ ಕೇಳಿ. ಮಡಿಕೇರಿಯಲ್ಲಿ ಒಬ್ಬ ವಕೀಲರನ್ನು ನೋಡಿ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಇನ್ನು ಸಂಜೆಯ ವಿಷಯ. ಕತ್ತಲಾಗುವ ಹೊತ್ತಿಗೆ ಈ ಕಾಯಿಲೆಯವರಿಗೆ ತಳಮಳ ಹೆಚ್ಚುವುದು ಸಾಮಾನ್ಯ. ಬೆಳಕು ಇರುವಾಗಲೇ ದೀಪ ಹಾಕಿ, ಊಟವನ್ನು ಆರು ಗಂಟೆಯ ಮೊದಲೇ ಮುಗಿಸಿ. ಇದ್ದಕ್ಕಿದ್ದಂತೆ ಹೆಚ್ಚಾದರೆ ಮೂತ್ರದ ಸೋಂಕು ಇದೆಯೇ ಎಂದು ವೈದ್ಯರಿಂದ ನೋಡಿಸಿ. ರಾತ್ರಿ ಗೇಟಿಗೆ ಬೀಗ ಹಾಕುವುದನ್ನು ಮರೆಯಬೇಡಿ.

ಸುಳ್ಳು ಸರಿಯಿಲ್ಲ ಎಂದೆನಲ್ಲ. ‘ಇವರು ಎಲ್ಲಿ’ ಎಂದು ಕೇಳಿದವರಿಗೆ ‘ತೋಟಕ್ಕೆ’ ಎನ್ನುತ್ತೀರಿ. ನಿಮ್ಮ ಕಡೆ ಕತ್ತಲಾದ ಮೇಲೆ ತೋಟದಲ್ಲಿ ಯಾರಿರುತ್ತಾರೆ? ಕಾಡಾನೆ. ಐವತ್ತು ವರ್ಷ ಗಂಡ ಹೊತ್ತಿಗೆ ಮುಂಚೆ ಬರಲಿ ಎಂದು ಕಾದ ಹೆಂಗಸಿಗೆ, ಕತ್ತಲಲ್ಲಿ ಇನ್ನೂ ಬಂದಿಲ್ಲ ಎಂದು ದಿನವೂ ನೀವೇ ಹೇಳಿದರೆ ಅವರು ಟಾರ್ಚ್ ಬಿಡದೆ ಇನ್ನೇನು ಮಾಡುತ್ತಾರೆ! ಉತ್ತರ ಕೊಡುವ ಬದಲು ಕೆಲವೊಮ್ಮೆ ನೀವೇ ಕೇಳಿ ನೋಡಿ. ‘ಮಾವನಿಗೆ ರೊಟ್ಟಿ ಜೊತೆ ಏನು ಇಷ್ಟ ಅತ್ತೆ?’ ಅವರು ಗಂಡನ ಬಗ್ಗೆ ಮಾತಾಡಬೇಕೆಂದಿದ್ದರೆ, ಸುಳ್ಳೂ ಬೇಡ, ಸಾವೂ ಬೇಡ, ಮಾತು ತಾನಾಗಿ ಬರುತ್ತದೆ.

ಮತ್ತೆ ಆ ಗಂಬೂಟನ್ನು ಸೌದೆ ಕೊಟ್ಟಿಗೆಯಿಂದ ತಂದು, ಮಣ್ಣು ಒರೆಸಿ, ಜಗಲಿಯಲ್ಲಿ ಮೊದಲಿನ ಜಾಗದಲ್ಲೇ ಇಡಿ. ಗಂಬೂಟು ಜಗಲಿಯಲ್ಲಿದ್ದರೆ ಆ ಮನುಷ್ಯ ತೋಟದಲ್ಲಿಲ್ಲ. ಇದೂ ಸುಳ್ಳೇ, ಮಾತಿಲ್ಲದ ಸುಳ್ಳು, ಇಲ್ಲವೆನ್ನುವುದಿಲ್ಲ. ನಾಲ್ಕು ಸಂಜೆ ಇಟ್ಟು ನೋಡಿ. ಅತ್ತೆ ಒಳಗೆ ಬಂದು ಊಟ ಮಾಡಿದರೆ ಬರೆಯಿರಿ. ಗಂಬೂಟು ನೋಡಿ ಅಳು ಹೆಚ್ಚಾದರೆ ತಕ್ಷಣ ತೆಗೆದಿಡಿ, ಆಗಲೂ ಬರೆಯಿರಿ.