ಆಕಾಶದ ಗ್ರಹ ಸ್ಟಿಕರ್ ಹಾಗೆ ಕಾಣ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿ. ಶನಿಯಂಥ ಗ್ರಹವನ್ನು ಸುತ್ತುವ ಒಂದು ಉಪಗ್ರಹದ ನೆಲವನ್ನು ಬ್ಲೆಂಡರ್ ಅನ್ನೋ 3ಡಿ ಚಿತ್ರದ ತಂತ್ರಾಂಶದಲ್ಲಿ ಮಾಡಿದ್ದೇನೆ. ಬಂಡೆಗಳು, ಗಾಜಿನ ಗುಮ್ಮಟದ ಊರು, ನೀಲಿ ಆಕಾಶ, ಅದರಲ್ಲಿ ಉಂಗುರವಿರುವ ದೊಡ್ಡ ಗ್ರಹ. ಎಲ್ಲಾ ಚೆನ್ನಾಗಿ ಬಂದರೂ ಗ್ರಹ ಮಾತ್ರ ಸ್ಟಿಕರ್ ಅಂಟಿಸಿದ ಹಾಗಿದೆ. ಇನ್ನೂ ಒಳ್ಳೆಯ ಟೆಕ್ಸ್‌ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಹಾಕಬೇಕಾ?

ಉತ್ತರ: ಟೆಕ್ಸ್‌ಚರ್‌ಗೆ ಏನೂ ಆಗಿಲ್ಲ, ಅದನ್ನು ಮುಟ್ಟಬೇಡಿ. ತೊಂದರೆ ಬೆಳಕಿನದು. ನೀವು ಕಳಿಸಿದ ಚಿತ್ರದಲ್ಲಿ ಬಂಡೆಗಳ ನೆರಳು ಬಲಕ್ಕೆ ಬಿದ್ದಿದೆ. ಅಂದರೆ ಸೂರ್ಯ ಎಡಕ್ಕಿದ್ದಾನೆ. ಗ್ರಹ ನೋಡಿದರೆ ಬಲಗಡೆ ಬೆಳಗುತ್ತಿದೆ. ನೋಡುವವರಿಗೆ ಕಾರಣ ಹೇಳೋಕೆ ಬರಲ್ಲ, ಆದರೆ ಏನೋ ಸರಿಯಿಲ್ಲ ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಗ್ರಹದ ಫೋಟೋ ಅಂಟಿಸೋ ಬದಲು ನಿಜವಾದ ಗೋಳ ಇಡಿ, ಬಂಡೆಗಳಿಗೆ ಬೆಳಕು ಕೊಡುವ ಅದೇ ಸನ್ ಲ್ಯಾಂಪ್ (ಬ್ಲೆಂಡರ್‌ನ ಸೂರ್ಯ) ಅದಕ್ಕೂ ಬೀಳಲಿ. ಗ್ರಹದ ಯಾವ ಭಾಗ ಎಷ್ಟು ಬೆಳಗಬೇಕು ಅನ್ನೋದು ತಾನಾಗಿಯೇ ಸರಿಹೋಗುತ್ತದೆ. ಗೋಳ ದೂರ ಇಟ್ಟಾಗ ಕ್ಯಾಮೆರಾದ ಕ್ಲಿಪ್ ಎಂಡ್ (ಅದಕ್ಕೆ ಎಷ್ಟು ದೂರದವರೆಗೆ ಕಾಣಬೇಕು ಅನ್ನೋ ಮಿತಿ) ಹೆಚ್ಚಿಸೋದು ಮರೀಬೇಡಿ, ಇಲ್ಲದಿದ್ದರೆ ಅದು ಕಾಣೋದೇ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಸುಮಾರು ಜನ ಮಾಡುವಂಥದ್ದು. ನಿಮ್ಮ ಗ್ರಹದ ಕತ್ತಲ ಭಾಗ ಕಪ್ಪಗಿದೆ. ಹಗಲಿನ ನೀಲಿ ಆಕಾಶದಲ್ಲಿ ಅದು ಸಾಧ್ಯವೇ ಇಲ್ಲ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಪೂರ್ವದ ಕಡೆ ಚಂದ್ರನನ್ನು ಹುಡುಕಿ ನೋಡಿ. ಬೆಳಗಿದ ಅರ್ಧ ಮಾಸಲು ಬಿಳಿ. ಉಳಿದರ್ಧ ಕಪ್ಪಲ್ಲ, ಸುತ್ತಲಿನ ಆಕಾಶದ್ದೇ ನೀಲಿ. ನಮಗೂ ಚಂದ್ರನಿಗೂ ನಡುವೆ ಇರುವ ಗಾಳಿ ಬಿಸಿಲಿಗೆ ಬೆಳಗುತ್ತಿರುತ್ತದಲ್ವಾ, ಆ ಬೆಳಕು ಎಲ್ಲದರ ಮೇಲೂ ಸೇರಿಕೊಳ್ಳುತ್ತದೆ. ಅದಕ್ಕಿಂತ ಕಪ್ಪಗೆ ಆಚೆಯ ಯಾವುದೂ ಕಾಣೋಕಾಗಲ್ಲ. ನಿಮ್ಮ ಉಪಗ್ರಹಕ್ಕೂ ನೀಲಿ ಆಕಾಶ ಕೊಟ್ಟಿದ್ದೀರಿ ಅಂದಮೇಲೆ ಅಲ್ಲೂ ಗಾಳಿ ಇದೆ, ಇದೇ ಲೆಕ್ಕ.

ಮಾಡುವುದು ಸುಲಭ. ಗ್ರಹವನ್ನು ಕಪ್ಪು ಹಿನ್ನೆಲೆಯ ಮೇಲೆ ಬೇರೆಯಾಗಿ ರೆಂಡರ್ ಮಾಡಿ, ಅಂದರೆ ಅದರದ್ದೇ ಒಂದು ಚಿತ್ರ ತೆಗೆಯಿರಿ. ಚಿತ್ರಗಳನ್ನು ಜೋಡಿಸುವ ಕಾಂಪೋಸಿಟರ್‌ನಲ್ಲಿ ಒಂದರ ಮೇಲೊಂದು ಮುಚ್ಚುವ ಆಲ್ಫಾ ಓವರ್ ಬೇಡ, ಮಿಕ್ಸ್ ನೋಡ್ ಅನ್ನು ಆ್ಯಡ್‌ಗೆ (ಬೆಳಕು ಕೂಡಿಸುವ ಆಯ್ಕೆ) ಇಟ್ಟು ಆಕಾಶಕ್ಕೆ ಸೇರಿಸಿ. ಆಮೇಲೆ ನೆಲ, ಗುಮ್ಮಟ ಅದರ ಮೇಲೆ ಬರಲಿ. ಕಪ್ಪು ಅಂದರೆ ಸೊನ್ನೆ, ಸೊನ್ನೆ ಕೂಡಿಸಿದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ರಾತ್ರಿಯ ದೃಶ್ಯವಾದರೆ ಮಾತ್ರ ಇದು ಸಾಲದು: ಗ್ರಹದ ಕತ್ತಲ ಭಾಗದೊಳಗೆ ನಕ್ಷತ್ರ ಮಿನುಗದ ಹಾಗೆ ಮರೆ ಮಾಡಬೇಕು.

ಗಾತ್ರಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. ನಮ್ಮ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. ಗುರುವಿನ ಉಪಗ್ರಹ ಯುರೋಪಾದಿಂದ ನೋಡಿದರೆ ಗುರು ಸುಮಾರು 12 ಡಿಗ್ರಿ, 50 ಎಂಎಂ ಲೆನ್ಸ್‌ನಲ್ಲಿ ಅದು ಚೌಕಟ್ಟಿನ ಅಗಲದ ಕಾಲು ಭಾಗಕ್ಕಿಂತ ಜಾಸ್ತಿ. ಬ್ಲೆಂಡರ್‌ನಲ್ಲಿ 1000 ಮೀಟರ್ ದೂರದಲ್ಲಿಟ್ಟ ಗೋಳಕ್ಕೆ ಸುಮಾರು 210 ಮೀಟರ್ ಅಡ್ಡಳತೆ ಕೊಟ್ಟರೆ ಇಷ್ಟೇ ಕಾಣುತ್ತದೆ.

ಉಂಗುರದ ವಿಷಯಕ್ಕೆ ಬಂದರೆ ಸ್ವಲ್ಪ ನಿರಾಸೆ ಮಾಡ್ತೀನಿ. ಶನಿಯ ದೊಡ್ಡ ಉಪಗ್ರಹಗಳಲ್ಲಿ ಹೆಚ್ಚಿನವು ಉಂಗುರದ ಮಟ್ಟದಲ್ಲೇ ಸುತ್ತುತ್ತವೆ. ಅಲ್ಲಿ ನಿಂತರೆ ಉಂಗುರ ಒಂದು ತೆಳು ಗೆರೆ, ಅಷ್ಟೇ. ಶನಿಯದೇ ಇನ್ನೊಂದು ಉಪಗ್ರಹ ಐಯಾಪೆಟಸ್‌ನ ಕಕ್ಷೆ ಸುಮಾರು 15 ಡಿಗ್ರಿ ವಾಲಿರುವುದರಿಂದ ಅಲ್ಲಿಂದ ಉಂಗುರ ತೆರೆದು ಕಾಣುತ್ತದೆ, ಆದರೆ ದೂರ ಜಾಸ್ತಿ, ಶನಿ 2 ಡಿಗ್ರಿಯೂ ಇರಲ್ಲ. ನಿಮ್ಮದು ಕಲ್ಪನೆಯ ಲೋಕ, ದಾರಿ ಇದೆ. ಎಲ್ಲಿಂದಲೋ ಬಂದು ಗ್ರಹದ ಹಿಡಿತಕ್ಕೆ ಸಿಕ್ಕ, ವಾಲಿದ ಕಕ್ಷೆಯ ಉಪಗ್ರಹ ಅಂದುಕೊಳ್ಳಿ. ಆಗ ಪ್ರತಿ ಸುತ್ತಿಗೂ ಉಂಗುರ ಗೆರೆಯಾಗಿ ಮುಚ್ಚಿ ಮತ್ತೆ ತೆರೆಯುತ್ತದೆ. ಆ ಗುಮ್ಮಟದ ಜನ ಪಂಚಾಂಗವನ್ನು ಅದರ ಮೇಲೇ ಬರೀತಾರೇನೋ!

ಗುಮ್ಮಟಕ್ಕೆ ಒಂದು ಬಾಗಿಲು, ನಾಲ್ಕು ಮೆಟ್ಟಿಲು ಇಡಿ. ಈಗ ಅದು ಬೋಗುಣಿಯೋ ಊರೋ ಗೊತ್ತಾಗ್ತಿಲ್ಲ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಇದೆಲ್ಲಾ ಆಗುತ್ತಾ?

ಉತ್ತರ: ಆಗುತ್ತದೆ, ನಿಧಾನ ಅಷ್ಟೇ. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಸಿಪಿಯು ಮೇಲೂ ಓಡುತ್ತದೆ. ಸ್ಯಾಂಪಲ್ (ಪ್ರತಿ ಚುಕ್ಕಿಗೆ ಬೆಳಕಿನ ಲೆಕ್ಕ ಎಷ್ಟು ಸಲ) ಕಡಿಮೆ ಮಾಡಿ, ಅದರಿಂದ ಬರುವ ಕಾಳುಕಾಳು ಅಳಿಸೋಕೆ ಡಿನಾಯ್ಸ್ ಹಾಕಿ. ಮಂಜಿಗೆ ವಾಲ್ಯೂಮ್ (ಜಾಗವನ್ನೇ ತುಂಬುವ ನಿಜವಾದ ಮಂಜು) ಹಾಕಿದರೆ ಯಂತ್ರ ಏದುಸಿರು ಬಿಡುತ್ತದೆ. ಅದರ ಬದಲು ದೂರವನ್ನು ಬೂದು ಛಾಯೆಯಲ್ಲಿ ತೋರಿಸುವ ಮಿಸ್ಟ್ ಪಾಸ್ ಪಡೆದು ಕಾಂಪೋಸಿಟರ್‌ನಲ್ಲಿ ಬಣ್ಣ ಬೆರೆಸಿ, ದೂರದ ಬೆಟ್ಟಗಳಿಗೆ ಅಷ್ಟು ಸಾಕು.