ಆಶ್ರಯ ಕೇಂದ್ರದ ಕೀಲಿ: ಚಾವಿ ಹುಡುಕುವಷ್ಟು ಹೊತ್ತು ಬೆಂಕಿ ಕಾಯುವುದಿಲ್ಲ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ವಸತಿರಹಿತರ ಆಶ್ರಯ ಕೇಂದ್ರ ನಡೆಸುವವರು ಬೆಂಕಿ ಅನಾಹುತದ ಬಗ್ಗೆ ಅದದೇ ಪ್ರಶ್ನೆಗಳನ್ನು ತಿರುತಿರುಗಿ ಕೇಳುತ್ತಿರುವುದರಿಂದ ಈ ಸಲ ಒಟ್ಟಿಗೇ ಉತ್ತರ. ಅಡುಗೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಯಾವ ಕಡೆ ತಿರುಗಿಸಬೇಕು, 101ಕ್ಕೋ 112ಕ್ಕೋ ಫೋನ್ ಮಾಡಬೇಕು ಎಂಬುದನ್ನೆಲ್ಲ ಇಲ್ಲಿ ಬರೆದಿಲ್ಲ. ಅಷ್ಟೂ ಗೊತ್ತಿಲ್ಲದವರು ನಾಲ್ವತ್ತು ಜನರನ್ನು ಒಂದು ಸೂರಿನಡಿ ಮಲಗಿಸುವ ಹೊಣೆ ಹೊರಬಾರದು.

ಪ್ರಶ್ನೆ: ನಮ್ಮಲ್ಲಿ ದಿನಾ ರಾತ್ರಿ 40 ಜನ ಮಲಗುತ್ತಾರೆ. 10 ಗಂಟೆಗೆ ಗ್ರಿಲ್ ಗೇಟಿಗೆ ಕೀಲಿ ಹಾಕುತ್ತೇವೆ. ಇಲ್ಲದಿದ್ದರೆ ಕುಡಿದವರು ನುಗ್ಗುತ್ತಾರೆ, ಕಳವು ಆಗುತ್ತದೆ, ಬುದ್ಧಿ ಸ್ಥಿಮಿತ ಇಲ್ಲದವರು ಎದ್ದು ರಸ್ತೆಗೆ ಹೋಗಿಬಿಡುತ್ತಾರೆ. ಕಾವಲುಗಾರನ ಹತ್ತಿರ ಚಾವಿ ಇರುತ್ತದೆ, ಬೆಂಕಿ ನಂದಿಸುವ ಸಿಲಿಂಡರೂ ಎರಡಿವೆ. ಇಷ್ಟು ಸಾಕಲ್ಲವೇ?

ಸಾಲದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ರೋಗಿಗಳನ್ನು ಇಟ್ಟಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಅವರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಎಲ್ಲೂ ಹೋಗಬಾರದು ಎಂದು ಕಟ್ಟಿದ್ದು. ನೀವು ಕೀಲಿ ಹಾಕುವುದಕ್ಕೆ ಕೊಡುವ ಕಾರಣವೂ ಅದೇ.

ಲೆಕ್ಕ ನೋಡಿ. ಒಂದು ಮೀಟರ್ ಅಗಲದ ತೆರೆದ ಬಾಗಿಲಿನಲ್ಲಿ ಸೆಕೆಂಡಿಗೆ ಒಬ್ಬರು ದಾಟಿದರೂ 40 ಜನ ಮುಕ್ಕಾಲು ನಿಮಿಷದಲ್ಲಿ ಹೊರಗಿರುತ್ತಾರೆ. ಹೊತ್ತು ಹೋಗುವುದು ಎಚ್ಚರಾಗುವುದಕ್ಕೆ ಮತ್ತು ಕೀಲಿ ತೆಗೆಯುವುದಕ್ಕೆ. ವೈರು ಸುಟ್ಟು ಕರೆಂಟ್ ಹೋಗಿರುತ್ತದೆ, ಕತ್ತಲೆ. ಹೊಗೆ ಮೇಲಿನಿಂದ ಕೆಳಗಿಳಿದು ನಿಂತವರ ಮುಖದ ಮಟ್ಟಕ್ಕೆ ಬಂದಿರುತ್ತದೆ. ಕಾವಲುಗಾರನ ಗೊಂಚಲಿನಲ್ಲಿ ಏಳು ಚಾವಿ, ಅದರಲ್ಲಿ ಎರಡು ಒಂದೇ ಥರ. ಕೀಲಿ ಗ್ರಿಲ್ಲಿನ ಹೊರಮಗ್ಗುಲಿಗೆ ನೇತಾಡುತ್ತಿರುತ್ತದೆ, ಒಳಗಿನಿಂದ ಕೈ ತೂರಿಸಿದರೆ ಮಣಿಕಟ್ಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಧಾರವಾಡದ ಮಳೆಗಾಲದಲ್ಲಿ ತುಕ್ಕು ಹಿಡಿದ ಕೀಲಿಯಾದರೆ ಸರಿಯಾದ ಚಾವಿಯೂ ತಿರುಗುವುದಿಲ್ಲ. ಇಷ್ಟಕ್ಕೂ ಆ ಕಾವಲುಗಾರ ಆ ಹೊತ್ತಿಗೆ ಚಹಾಕ್ಕೆ ಹೋಗಿಲ್ಲ ಎಂದು ನಂಬಿಕೊಂಡು ಈ ಲೆಕ್ಕ.

ಆದ್ದರಿಂದ ಜೋತಾಡುವ ಕೀಲಿಯನ್ನು ಮೊದಲು ತೆಗೆಯಿರಿ. ಬಾಗಿಲು ಹೊರಗಿನಿಂದ ಚಾವಿ ಇಲ್ಲದೆ ತೆರೆಯಬಾರದು, ಒಳಗಿನಿಂದ ಚಾವಿ ಬೇಕೇ ಆಗಬಾರದು. ಇದಕ್ಕೆಂದೇ ಪ್ಯಾನಿಕ್ ಬಾರ್ ಸಿಗುತ್ತದೆ: ಬಾಗಿಲಿಗೆ ಅಡ್ಡಲಾಗಿ ಕೂರಿಸಿದ ಸರಳು, ಮೈಭಾರ ಬಿದ್ದರೂ ಸಾಕು, ಬಿಚ್ಚಿಕೊಳ್ಳುತ್ತದೆ. ದುಡ್ಡಿಲ್ಲವೇ, ಒಳಬದಿಗೆ ಒಂದೇ ಒಂದು ಚಿಲಕ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ. ಮೇಲೊಂದು ಕೆಳಗೊಂದು ಎಂದು ಎರಡು ಹಾಕಬೇಡಿ, ಗಾಬರಿಯಲ್ಲಿ ಒಂದನ್ನು ತೆಗೆದವರು ಇನ್ನೊಂದನ್ನು ಮರೆತು ಬಾಗಿಲನ್ನು ಜಗ್ಗುತ್ತ ನಿಲ್ಲುತ್ತಾರೆ. ಕೇಂದ್ರದಲ್ಲಿರುವ ಅತಿ ನಿತ್ರಾಣದ ಮುದುಕಿಯನ್ನು ಕರೆದು, ಕಣ್ಣು ಮುಚ್ಚಿಸಿ, ಒಂದೇ ಕೈಯಲ್ಲಿ ಬಾಗಿಲು ತೆಗೆಸಿ. ಆಕೆಗೆ ಬಂದರೆ ಬಾಗಿಲು ಪಾಸು.

ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಹತ್ತು ಜನ ಒತ್ತಿ ನಿಂತರೆ ಪೈಲ್ವಾನನಿಗೂ ಅದನ್ನು ಎಳೆಯಲಾಗದು. ಹೊರಗೆ ಗಟಾರಿನ ಮೇಲಿನ ಕಲ್ಲು ಒಡೆದಿದ್ದರೆ ಅದನ್ನೂ ಸರಿಮಾಡಿಸಿ, ಮೊದಲು ಓಡಿಬಂದವನು ಅಲ್ಲೇ ಬೀಳುತ್ತಾನೆ, ಉಳಿದವರು ಅವನ ಮೇಲೆ. ರೋಲಿಂಗ್ ಶಟರ್ ಇದ್ದರೆ ರಾತ್ರಿಯಿಡೀ ಪೂರ್ತಿ ಮೇಲೆತ್ತಿ ಪಿನ್ ಹಾಕಿಡಿ, ಅದರ ಒಳಗೆ ಬೇರೆ ಬಾಗಿಲು ಕೂರಿಸಿ. ಶಾಖಕ್ಕೆ ತಗಡು ಸೊಟ್ಟಗಾದ ಶಟರ್ ಮೇಲೇಳುವುದಿಲ್ಲ.

ಎರಡನೆಯ ದಾರಿ ಬೇಕೇ ಬೇಕು, ಮೊದಲನೆಯದರ ಎದುರು ಗೋಡೆಗೆ. ಹಳೆಯ ಸಮುದಾಯ ಭವನವನ್ನೇ ಆಶ್ರಯ ಕೇಂದ್ರ ಮಾಡಿಕೊಂಡ ಕಡೆ ಅದಕ್ಕೆ ಜಾಗವಿಲ್ಲ ಎನ್ನುತ್ತಾರೆ. ಕಿಟಕಿ ಇದೆಯಲ್ಲ? ಗ್ರಿಲ್ಲನ್ನು ಗೋಡೆಯಿಂದ ಕೊಯ್ಸಿ ತಿರುಗಣಿ ಹಚ್ಚಿಸಿ, ಒಳಗೆ ಕೊಂಡಿ ಹಾಕಿಸಿ. ವೆಲ್ಡಿಂಗ್ ಅಂಗಡಿಯವನಿಗೆ ಅರ್ಧ ದಿನದ ಕೆಲಸ.

ಇನ್ನು ನಿಮ್ಮ ಮೂರು ಭಯ. ಕಳವಿಗೆ ಪರಿಹಾರ ಲಾಕರ್: ತಲೆಗೊಂದು ಸಣ್ಣ ತಗಡಿನ ಪೆಟ್ಟಿಗೆ, ಚಾವಿ ಅವರವರ ಕೊರಳಲ್ಲಿ. ಎದ್ದು ಹೋಗುವವರಿಗೆ, ಬಾಗಿಲು ತೆರೆದರೆ ಗಂಟೆ ಬಾರಿಸುವ ಮ್ಯಾಗ್ನೆಟ್ ಅಲಾರಂ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾವಲುಗಾರನ ಮಂಚ ಆ ಬಾಗಿಲ ಮಗ್ಗುಲಿಗೇ ಇರಲಿ, ಆದರೆ ದಾರಿಗೆ ಅಡ್ಡ ಬೇಡ. ಕುಡಿದು ಬಂದವರನ್ನು ಮೂಲೆಗೆ ತಳ್ಳಬೇಡಿ, ಬಾಗಿಲ ಹತ್ತಿರವೇ ಮಲಗಿಸಿ. ಎಬ್ಬಿಸುವುದು ಕಷ್ಟವಿರುವುದು ಅವರನ್ನೇ. ಕಾಲಿಲ್ಲದವರು, ಕಿವಿ ಕೇಳದವರೂ ಅಲ್ಲೇ, ನೆಲಮಹಡಿಯಲ್ಲೇ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ತಲೆಗೆ 50 ಚದರಡಿ ಎಂದು ಹೇಳಿತ್ತು, ಅಂದರೆ 40 ಜನಕ್ಕೆ 2,000. ಚಳಿ ಬಂತೆಂದು ನಡುದಾರಿಯಲ್ಲಿ ಚಾಪೆ ಹಾಸುವವರು ಬಾಗಿಲಿಗೆ ಕೀಲಿ ಹಾಕುವ ಕೆಲಸವನ್ನೇ ಬೇರೆ ರೀತಿಯಲ್ಲಿ ಮಾಡುತ್ತಿದ್ದಾರೆ.

ಕೊನೆಗೆ ತಾಲೀಮು. ಆ ರಾತ್ರಿಯ ಹೆಸರಿನ ಪಟ್ಟಿ ಮತ್ತು ಟಾರ್ಚು ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿರಬೇಕು, ಕಪಾಟಿನಲ್ಲಲ್ಲ. ಮೂರು ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆರಿಸಿ ಗಂಟೆ ಬಾರಿಸಿ, ಗಡಿಯಾರ ಹಿಡಿಯಿರಿ. ಎರಡೂವರೆ ನಿಮಿಷದೊಳಗೆ ಎಲ್ಲರೂ ಹೊರಗೆ ನಿಂತು, ಹೆಸರು ಕೂಗಿ, ಎಣಿಕೆ ಸರಿಹೋಗಬೇಕು. ಈ ವಾರ ತಾಲೀಮು ಇದೆ ಎಂದು ಮೊದಲೇ ಹೇಳಿ, ರಸ್ತೆಯಲ್ಲಿ ಲಾಠಿ ಏಟು ತಿಂದು ಬಂದವರನ್ನು ಕತ್ತಲಲ್ಲಿ ಬೆಚ್ಚಿಬೀಳಿಸಬೇಡಿ. ಗಂಟೆಗೆ ಹಳೇ ಶಾಲೆಗಳಲ್ಲಿದ್ದಂಥ ರೈಲು ಹಳಿಯ ತುಂಡು ಸಾಕು. ಕರೆಂಟ್ ಬೇಕಿಲ್ಲ, ಕನ್ನಡ ಬಾರದ ಕೂಲಿಯವರಿಗೂ ಅರ್ಥವಾಗುತ್ತದೆ.

ಪ್ರಶ್ನೆ: ಬೆಂಕಿ ನಂದಿಸುವ ಸಿಲಿಂಡರಿಗೆ ಪ್ರತಿವರ್ಷ ಒಬ್ಬರು ಬಂದು ಹೊಸ ಸ್ಟಿಕ್ಕರ್ ಹಚ್ಚಿ ಹೋಗುತ್ತಾರೆ. ಮತ್ತೇನಾದರೂ ನೋಡಬೇಕೇ?

ಸ್ಟಿಕ್ಕರ್ ಬೆಂಕಿ ಆರಿಸುವುದಿಲ್ಲ. ಮುಚ್ಚಳ ಬಿಚ್ಚದೆ, ತೂಗದೆ ಚೀಟಿ ಹಚ್ಚಿ ದುಡ್ಡು ಎಣಿಸಿಕೊಳ್ಳುವ ಇಂಥವರು ಎಲ್ಲ ಊರಲ್ಲೂ ಇದ್ದಾರೆ. ನೀವೇ ನೋಡಿ: ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಮೈಮೇಲೆ ಬರೆದ ಒಟ್ಟು ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿ ತಾಳೆಯಾಗಬೇಕು. ತಲೆಕೆಳಗು ಮಾಡಿದರೆ ಒಳಗಿನ ಪುಡಿ ಸರಿದಾಡಿದ್ದು ಕೈಗೆ ಗೊತ್ತಾಗಬೇಕು, ಗಟ್ಟಿ ಕಟ್ಟಿದ್ದರೆ ಹೊರಗೆ ಬರುವುದು ಬರೀ ಗಾಳಿ. ತಿಂಗಳಿಗೊಮ್ಮೆ ಸಾಕು. 6 ಕೆಜಿಯದು ಒತ್ತಿ ಹಿಡಿದರೆ ಅರ್ಧ ನಿಮಿಷವೂ ಬರುವುದಿಲ್ಲ, ಹಾಗಾಗಿ ಉರಿಯ ತುದಿಗಲ್ಲ, ಬುಡಕ್ಕೆ ಹೊಡೆಯಿರಿ.

ಪ್ರಶ್ನೆ: ಬೀಡಿ ಕಿಡಿ ಬಿದ್ದು ಹತ್ತಿ ಗಾದಿ ಹೊತ್ತಿತ್ತು. ಪುಡಿ ಹೊಡೆದು ಆರಿಸಿದೆವು. ಬೆಳಗಿನ ಜಾವ ಮತ್ತೆ ಹೊತ್ತಿಕೊಂಡಿತು. ಸಿಲಿಂಡರ್ ಕಳಪೆಯೇ?

ಸಿಲಿಂಡರ್ ಸರಿಯಾಗಿಯೇ ಇದೆ. ಪುಡಿ ಮೇಲಿನ ಉರಿಯನ್ನಷ್ಟೇ ಕೊಲ್ಲುತ್ತದೆ, ಹತ್ತಿಯೊಳಗಿನ ಕೆಂಡ ತಾಸುಗಟ್ಟಲೆ ಹೊಗೆಯಾಡುತ್ತದೆ. ಉರಿ ಆರಿದ ಕೂಡಲೇ ಗಾದಿಯನ್ನು ಅಂಗಳಕ್ಕೆ ಎಳೆದು, ಹರಿದು, ಕೊಡಗಟ್ಟಲೆ ನೀರು ಸುರಿದು, ಕೈಯಿಟ್ಟು ತಂಪು ನೋಡಿ ಅಲ್ಲೇ ಬಿಡಿ. ಕೌದಿಯೂ ಹಾಗೇ. ಫೋಮ್ ಹಾಸಿಗೆ ದಾನ ಬಂದರೆ ಬೇಡವೆನ್ನಿ, ಅದರ ಹೊಗೆ ಹತ್ತಿಯದಕ್ಕಿಂತ ಕೆಟ್ಟದ್ದು. ಬೀಡಿ ನಿಷೇಧ ಎಂದು ಬೋರ್ಡ್ ಬರೆದರೆ ಕೌದಿಯೊಳಗೆ ಸೇದುತ್ತಾರೆ. ಅಂಗಳದಲ್ಲಿ ಮರಳು ತುಂಬಿದ ಡಬ್ಬಿ ಇಟ್ಟು ಅಲ್ಲೇ ಸೇದಲಿಕ್ಕೆ ಬಿಡಿ.

ಪ್ರಶ್ನೆ: ವಾಸ್ತು ನೋಡುವವರು ಅಡುಗೆ ಆಗ್ನೇಯಕ್ಕೇ ಇರಲಿ ಎಂದರು. ನಮ್ಮ ಒಂದೇ ಬಾಗಿಲೂ ಆಗ್ನೇಯಕ್ಕಿದೆ.

ಅಡುಗೆ ಬೇರೆಡೆ ಇಡಿ, ವಾಸ್ತುವಿನವರನ್ನೂ.

ಪ್ರಶ್ನೆ: ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಒಳ್ಳೆಯದೋ, ಮಸಿಯೋ?

ಎರಡೂ ಅಲ್ಲ. ಹರಿಯುವ ತಣ್ಣೀರು, 20 ನಿಮಿಷ. ಆಮೇಲೆ ಆಸ್ಪತ್ರೆ.

ಪ್ರಶ್ನೆ: ಡಿಸೆಂಬರಿನ ಚಳಿಗೆ ಶೆಗಡಿಯಲ್ಲಿ ಇದ್ದಿಲು ಹಾಕಿ ಒಳಗಿಟ್ಟರೆ? ಹೊಗೆ ಬರುವುದಿಲ್ಲ, ಬಂದರೂ ಕೆಮ್ಮು ಬಂದು ಎಚ್ಚರಾಗುತ್ತದಲ್ಲ?

ಆಗುವುದಿಲ್ಲ. ಒಗ್ಗರಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ, ಅದು ಘಾಟು. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ಘಾಟೂ ಇಲ್ಲ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿದ್ದವರು ನಿದ್ದೆಯಲ್ಲೇ ಹೋಗುತ್ತಾರೆ. ಇನ್ನೊಂದು ಕಂಬಳಿ ಕೊಡಿ. ಬೆಳಗಿನ ಬಿಸಿನೀರಿಗೆ ಬಕೆಟ್ಟಿಗೊಂದು ಕಾಯಿಲ್ ಇಳಿಬಿಡುವುದನ್ನೂ ನಿಲ್ಲಿಸಿ: 1,500 ವ್ಯಾಟಿನ ಕಾಯಿಲ್ ಒಂದಕ್ಕೇ ಆರೂವರೆ ಆಂಪಿಯರ್ ಬೇಕು, ನಿಮ್ಮ ಎಕ್ಸ್‌ಟೆನ್ಶನ್ ಬೋರ್ಡು ಇರುವುದು 6 ಆಂಪಿಯರಿಗೆ. ಅಂಗಳದಲ್ಲಿ ಒಲೆ ಹೂಡಿ ಹಂಡೆ ಇಡಿ.