ನೆಗೆಯಿಸಿ ಚಿತ್ರ ತೆಗೆದವರು

ಪ್ರಶ್ನೆ: ಸ್ಟುಡಿಯೊ ನಡೆಸುತ್ತಿದ್ದ ನಮ್ಮ ದಿವಂಗತ ತಂದೆ ಗಿರಾಕಿಗಳನ್ನು ನಗಿಸಿಯೇ ಫೋಟೊ ತೆಗೆಯುತ್ತಿದ್ದರು, ಅಮ್ಮನನ್ನೂ ನಮ್ಮನ್ನೂ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಪ್ರಸಿದ್ಧ ಛಾಯಾಗ್ರಾಹಕರಲ್ಲಿ ಅಂಥವರು ಇದ್ದರೇ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನೆನಪಾದವರು ಫಿಲಿಪ್ ಹಾಲ್ಸ್‌ಮನ್. 1906ರಲ್ಲಿ ಇಂದಿನ ಲಾಟ್ವಿಯಾದ ರಿಗಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಹೆಸರು ಮಾಡಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಐನ್‌ಸ್ಟೈನ್ ಅವರ ನೆರವಿನಿಂದ ವೀಸಾ ಪಡೆದು ಅಮೆರಿಕ ಸೇರಿದ ಅವರು, ‘ಲೈಫ್’ ಪತ್ರಿಕೆಗೆ 101 ಮುಖಪುಟ ಚಿತ್ರಗಳನ್ನು ಕೊಟ್ಟರು.

ಅವರ ವಿನೋದವನ್ನೂ ಮನೆಮಂದಿಯ ಒಡನಾಟವನ್ನೂ ಒಟ್ಟಿಗೆ ತೋರಿಸುವುದು 1948ರ ‘ಡಾಲಿ ಅಟಾಮಿಕಸ್’ ಎಂಬ ಛಾಯಾಚಿತ್ರ. ಕಲಾವಿದ ಸಾಲ್ವಡಾರ್ ಡಾಲಿ ನೆಗೆಯುವ ಕ್ಷಣಕ್ಕೆ ಸರಿಯಾಗಿ ಸಹಾಯಕರು ಮೂರು ಬೆಕ್ಕುಗಳನ್ನೂ ಒಂದು ಬಕೆಟ್ ನೀರನ್ನೂ ಎಸೆಯಬೇಕಿತ್ತು. ಪತ್ನಿ ಇವಾನ್ ಕುರ್ಚಿಯೊಂದನ್ನು ಎತ್ತಿ ಹಿಡಿದು ನಿಂತಿದ್ದರು. ಮನಸ್ಸಿಗೆ ಒಪ್ಪುವ ಚಿತ್ರ ಸಿಗುವವರೆಗೆ ಇಪ್ಪತ್ತಕ್ಕೂ ಹೆಚ್ಚು ಸಲ, ನೆಲ ಒರೆಸಿ, ತೊಯ್ದ ಬೆಕ್ಕುಗಳನ್ನು ಹಿಡಿದು ತಂದು, ಮತ್ತೆ ಮೊದಲಿನಿಂದ ಶುರು ಮಾಡಿದರು. (ಬೆಕ್ಕುಗಳ ಪಾಡನ್ನು ನೆನೆದರೆ ಇಂದು ಸಂಕಟವಾಗುತ್ತದೆ, ನಿಜ.)

ಚಿತ್ರ ತೆಗೆದು ಮುಗಿದ ಮೇಲೆ ಗಣ್ಯರನ್ನು ‘ಒಮ್ಮೆ ನೆಗೆಯಿರಿ’ ಎಂದು ಕೇಳುವುದೂ ಅವರ ರೂಢಿಯಾಗಿತ್ತು. ಅಮೆರಿಕದ ರಾಜಕಾರಣಿ ನಿಕ್ಸನ್ ನೆಗೆದರು, ಚಿತ್ರನಟಿ ಮರ್ಲಿನ್ ಮನ್ರೋ ನೆಗೆದರು. ಗಮನವೆಲ್ಲ ನೆಗೆತದ ಮೇಲಿರುವಾಗ ಮುಖವಾಡ ಕಳಚಿ ನಿಜವಾದ ಮನುಷ್ಯ ಕಾಣುತ್ತಾನೆಂಬುದು ಅವರ ದೃಢ ನಂಬಿಕೆ. ಗಿರಾಕಿಗಳನ್ನು ನಗಿಸುತ್ತಿದ್ದ ನಿಮ್ಮ ತಂದೆಯವರೂ ಅದನ್ನೇ ಬಲ್ಲವರಾಗಿದ್ದರು ಎಂದು ನನಗನಿಸುತ್ತದೆ.

ಅವರ ನೆಗೆಟಿವ್‌ಗಳು ಉಳಿದಿದ್ದರೆ, ಯಾವ ಚಿತ್ರದ ದಿನ ದೀಪ ಹಿಡಿದವರು ಯಾರು, ಮಗುವನ್ನು ನಗಿಸಿದವರು ಯಾರು ಎಂಬುದನ್ನು ಅಮ್ಮನವರಿಂದ ಕೇಳಿ ಈಗಲೇ ಬರೆದಿಡಿ.